ಗುಂಡಿಯ ನಾಲ್ಕು ಸೆಕೆಂಡು

ಜನವರಿ 9

ಅಮ್ಮಾ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ, ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ. ನೀನು ಪ್ರತಿ ಸಲ ಕೇಳುವ ಮೂರೂ ಪ್ರಶ್ನೆಗೆ ಉತ್ತರ ಮುಗಿಯಿತು. ಇನ್ನು ನನ್ನ ಮಾತು ಕೇಳು.

ಈ ಸಲ ನಮ್ಮ ಮಾಧ್ಯಮ ವಿಭಾಗದಲ್ಲಿ ಪರೀಕ್ಷೆಯ ಬದಲು ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕು. ನಾವು ಮೂರು ಜನ. ಕ್ಯಾಮೆರಾ ಹಿಡಿಯುವವಳು ನನ್ನ ರೂಮಿನ ಕಡ್ಡಿ, ಜೋರಾಗಿ ಗಾಳಿ ಬಂದರೆ ಹಾರಿಹೋಗುವವಳು, ಹೇಳಿದ್ದೆನಲ್ಲ. ಹಾಡು ಬರೆದು ಹಾಡುವವಳನ್ನು ಎಲ್ಲರೂ ಕೊಳಲು ಅಂತಾರೆ. ಮನೆ ಬಿಟ್ಟು ಹೋದವರ ಅಂಗಿ ಇನ್ನೂ ಮೊಳೆಯಲ್ಲೇ ನೇತಾಡುತ್ತಿದೆ ಅನ್ನುವ ಹಾಡು ಅದು. ಯೋಜನೆ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಶೂಟಿಂಗಿಗಿಂತ ದೊಡ್ಡ ತಲೆನೋವು ಈ ಪ್ಲಾನಿಂಗ್ ಫೈಲು. ಒಂದೊಂದು ಶಾಟಿಗೂ ಮೂರು ಕಾಲಂ: ಏನು ಕಾಣುತ್ತದೆ, ಅದಕ್ಕೇನು ಅರ್ಥ, ಯಾರು ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. "ಚೆನ್ನಾಗ್ ಕಾಣ್ಸುತ್ತೆ ಅಂತ ಇಟ್ಟೆ ಮೇಡಂ ಅಂದ್ರೆ ಸೊನ್ನೆ ಕೊಡ್ತೀನಿ, ಯಾಕಿಟ್ಟೆ ಹೇಳು" ಅನ್ನುತ್ತಾರೆ ನಮ್ಮ ಮೇಡಂ. ಕಥನ ಸಿದ್ಧಾಂತದ ಪ್ರಕಾರ ಮೊದಲು ಎಲ್ಲ ಸರಿ ಇರಬೇಕು, ಆಮೇಲೆ ಕದಡಬೇಕು, ಕೊನೆಗೆ ಬೇರೆ ಯಾವುದೋ ರೀತಿಯಲ್ಲಿ ಸರಿಹೋಗಬೇಕು. ಇಂಥ ವಿಡಿಯೋಗಳ ರೂಢಿ ಪ್ರಕಾರ ಹಾಡುವವರ ಮುಖವನ್ನು ತೀರಾ ಹತ್ತಿರದಿಂದ ತೋರಿಸಬೇಕು. ರೂಢಿ ಮುರಿಯಬಹುದು, ಆದರೆ ಕಾರಣ ಬರೆದು ಮುರಿಯಬೇಕು.

ನಾನು ಮುರಿಯುತ್ತಿದ್ದೇನೆ. ನಮ್ಮ ವಿಡಿಯೋದಲ್ಲಿ ಒಂದೇ ಒಂದು ಮುಖ ಇಲ್ಲ. ಬರೀ ಎರಡು ಕೈ, ಆ ಅಂಗಿಗೆ ಗುಂಡಿ ಹೊಲಿಯುತ್ತವೆ. ಅರ್ಥದ ಕಾಲಂನಲ್ಲಿ 'ಪ್ರೀತಿ, ಕಾಯುವುದು' ಅಂತ ಬರೆದೆ. ಮೂರನೆಯದರಲ್ಲಿ 'ಎಲ್ಲರೂ' ಅಂತ ಬರೆದೆ.

ಈಗ ವಿಷಯಕ್ಕೆ ಬರುತ್ತೇನೆ, ಬೈಯಬೇಡ. ಆ ಕೈ ನಿನ್ನದಾಗಬೇಕು ಅಂತ ನನಗಾಸೆ. ನೀನು ಕೆಲಸ ಮಾಡುವ ಇಸ್ತ್ರಿ ಅಂಗಡಿಗೆ ಬಂದು ಅರ್ಧ ದಿನದಲ್ಲಿ ಮುಗಿಸಿಕೊಂಡು ಹೋಗುತ್ತೇವೆ. ಆಗಬಹುದಾ?

ನಿನ್ನ
ಗುಬ್ಬಿ

ಜನವರಿ 17

ಗುಬ್ಬೀ,

ಆಗಲ್ಲ.

ಇಷ್ಟೇ ಬರೆದು ಕಳಿಸೋಣ ಅಂತಿದ್ದೆ, ಆದರೆ ನೀನು ಅದಕ್ಕೂ ಕಾರಣ ಬರೆ ಅನ್ನುತ್ತೀಯ. ನಿನ್ನ ಕಾಗದದಲ್ಲಿ ವಿಡಿಯೋ ಅನ್ನುವ ಪದ ಓದಿದ್ದೇ ಮಾಡುತ್ತಿದ್ದ ಕೆಲಸ ಮರೆತೆ. ಇಸ್ತ್ರಿಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೇ ಕೂತಿತ್ತು. ಅಂಗಡಿ ಯಜಮಾನಿ ಮೂಗು ಅರಳಿಸಿಕೊಂಡು ಬಂದು, "ಏನ್ರೀ, ಬಟ್ಟೆ ಸುಡೋಕೂ ಶುರುಮಾಡಿದ್ರಾ?" ಅಂದರು. ನಕ್ಕೆ. ನಗು ಬಾಯಿಯಲ್ಲಿ ಮಾತ್ರ ಇತ್ತು.

ನಿನಗೆ ಮರೆತಿದೆಯೋ, ಮರೆತ ಹಾಗೆ ನಟಿಸುತ್ತೀಯೋ, ನಾನಂತೂ ಬರೆದುಬಿಡುತ್ತೇನೆ. ನಿಮ್ಮಪ್ಪನನ್ನು ಬಿಟ್ಟು ಬಂದು ಆರು ವರ್ಷವಾಯಿತು, ಇದು ಮೂರನೇ ಊರು. ಮೊದಲನೇ ಊರಿನಿಂದ ನಿಮ್ಮ ದೊಡ್ಡಮ್ಮನಿಗೆ ಒಂದೇ ಒಂದು ಸಲ ಫೋನ್ ಮಾಡಿದೆ. ಅವಳ ಫೋನಿನಲ್ಲಿ ನಂಬರು ನೋಡಿಕೊಂಡು ಎಂಟನೇ ದಿನ ಬಾಗಿಲಿಗೆ ಬಂದ. ಎರಡನೇ ಊರಿನಲ್ಲಿ ನಿಮ್ಮ ಶಾಲೆಯ ಮಕ್ಕಳ ಫೋಟೋ ಪೇಪರಿನಲ್ಲಿ ಬಂತು. ಮೂರನೇ ಸಾಲಿನಲ್ಲಿ ನೀನು, ಉಗುರಿನಷ್ಟು ಮುಖ. ಅವನಿಗೆ ಅಷ್ಟು ಸಾಕಾಯಿತು. ಗೇಟಿನ ಹತ್ತಿರ ಚಾಕೊಲೇಟ್ ಡಬ್ಬಿ ಹಿಡಿದುಕೊಂಡು ನಗುನಗುತ್ತಾ ನಿಂತಿದ್ದ. ನೀನು "ಅಪ್ಪಾ" ಅಂತ ಓಡಿದೆ. ನಿನ್ನ ತಪ್ಪಲ್ಲ, ಹದಿಮೂರು ವರ್ಷದ ಮಗು. ಅವತ್ತು ಆದದ್ದು ನನ್ನ ಎಡ ಮೊಣಕೈಯಲ್ಲಿ ಇನ್ನೂ ಇದೆ, ಮೋಡ ಕವಿದರೆ ನೋಯುತ್ತದೆ.

ಅದಕ್ಕೇ ನಮಗೆ ಫೋನಿಲ್ಲ, ಕಾಗದ. ಕಾಗದದಲ್ಲಿ ಹೆಸರಿಲ್ಲ, ಅಮ್ಮ ಮತ್ತು ಗುಬ್ಬಿ. ಅಂಗಡಿಗೆ ಬರುವ ಪ್ರತಿಯೊಂದು ಗಂಡಸರ ಅಂಗಿಯ ಕಾಲರ್ ಅಳತೆಯನ್ನು ನಾನು ಮೊದಲು ನೋಡುತ್ತೇನೆ, ಗೊತ್ತಾ ನಿನಗೆ? ಅವನದು ಹದಿನಾರೂವರೆ. ಅಷ್ಟೇ ಇದ್ದರೆ ಕೌಂಟರಿನಲ್ಲಿ ನಿಂತವರ ಮುಖ ಪರದೆಯ ಸಂದಿಯಿಂದ ನೋಡಿ, ಅವನಲ್ಲ ಅಂತ ಖಾತ್ರಿಯಾದ ಮೇಲೆ ಉಸಿರು ಬಿಡುತ್ತೇನೆ.

ಬೇರೆ ಏನಾದರೂ ಮಾಡು. ಹೂವು ತೆಗಿ, ಬೆಕ್ಕು ತೆಗಿ.

ಅಮ್ಮ

ಫೆಬ್ರವರಿ 2

ಅಮ್ಮಾ,

ನಿನ್ನ ಕಾಗದ ಓದಿ ಒಂದು ವಾರ ಸಿಟ್ಟು ಇಳಿಯಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ, ಹೇಳಿಬಿಡುತ್ತೇನೆ.

ಮೊನ್ನೆ ಮೇಡಂ 'ನೋಟ'ದ ಬಗ್ಗೆ ಪಾಠ ಮಾಡಿದರು. ಚಿತ್ರದಲ್ಲಿ ನೋಡುವವರು ಒಬ್ಬರು, ನೋಡಿಸಿಕೊಳ್ಳುವವರು ಇನ್ನೊಬ್ಬರು. ನೋಡುವವರ ಕೈಯಲ್ಲಿ ಬಲ ಇರುತ್ತದೆ. ಬರಬರುತ್ತಾ ನೋಡಿಸಿಕೊಳ್ಳುವವರು ತಮ್ಮನ್ನು ತಾವೇ ಅವರ ಕಣ್ಣಿನಿಂದ ನೋಡಿಕೊಳ್ಳೋದಕ್ಕೆ ಶುರು ಮಾಡುತ್ತಾರಂತೆ. ಉಳಿದವರೆಲ್ಲ ಸಿನಿಮಾದ ಉದಾಹರಣೆ ಕೊಡುತ್ತಿದ್ದರು. ನನಗೆ ಪರದೆಯ ಸಂದಿಯಿಂದ ನೋಡುವ ನೀನು ನೆನಪಾದೆ. ಅಪ್ಪ ಎಲ್ಲಿದ್ದಾನೋ ಏನೋ, ಅವನ ಕಣ್ಣನ್ನು ಮಾತ್ರ ನಾವು ಊರೂರಿಗೆ ಹೊತ್ತುಕೊಂಡು ಬಂದಿದ್ದೇವೆ. ಹೂವು ತೆಗಿ ಅಂತೀಯಲ್ಲ, ಹತ್ತೊಂಬತ್ತು ವರ್ಷ ಆಯ್ತಮ್ಮ ನನಗೆ. ಇಲ್ಲಿಯ ಒಂದು ಗ್ರೂಪ್ ಫೋಟೋದಲ್ಲೂ ನಾನಿಲ್ಲ. ಪ್ರತಿ ಸಲ "ನಾನೇ ತೆಗೀತೀನಿ, ನೀವು ನಿಂತ್ಕೊಳ್ಳಿ" ಅನ್ನುತ್ತೇನೆ. ಎಷ್ಟು ಒಳ್ಳೆಯವಳು ಅಂತ ಎಲ್ಲರೂ ಹೊಗಳುತ್ತಾರೆ.

ಸರಿ, ನಿನ್ನ ಕೈ ಬೇಡ. ಅಂಗಡಿಯೂ ಬೇಡ. ಕಾಲೇಜಿನ ಸ್ಟುಡಿಯೋದಲ್ಲಿ ಕಪ್ಪು ಬಟ್ಟೆ ಹಾಸಿದ ಮೇಜು, ಬಿಳಿ ಅಂಗಿ, ನನ್ನ ಕೈ. ಊರು ಕಾಣದು, ಕಿಟಕಿ ಕಾಣದು, ಮನುಷ್ಯರು ಕಾಣರು. ನನ್ನ ಹೆಸರೂ ಹಾಕಲ್ಲ. ಇದಕ್ಕೂ ಬೇಡ ಅಂದರೆ ನಾನು ಓದು ಬಿಟ್ಟು ಅಲ್ಲೇ ಬಂದು ಇಸ್ತ್ರಿ ಹಾಕುತ್ತೇನೆ. ಯಜಮಾನಿಗೆ ಹೇಳಿಡು.

ನಿನ್ನ
ಗುಬ್ಬಿ

ಫೆಬ್ರವರಿ 11

ಗುಬ್ಬೀ,

ಎಷ್ಟು ಉದ್ದ ನಾಲಿಗೆ ನಿನ್ನದು! ನನ್ನದೇ, ಇನ್ಯಾರದು.

ಅವನ ಕಣ್ಣನ್ನು ಹೊತ್ತುಕೊಂಡು ಬಂದಿದ್ದೇವೆ ಅಂತ ಬರೆದಿದ್ದೀಯಲ್ಲ, ಮೂರು ದಿನ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಮಾಡು. ಆದರೆ ನಾನು ಹೇಳಿದ ಹಾಗೆ ಮಾಡಬೇಕು.

ಬಲಗೈ ಮಣಿಕಟ್ಟಿನ ಮಚ್ಚೆಗೆ ಪೌಡರ್ ಹಚ್ಚು. ಆ ಹಳೇ ವಾಚು ಕಟ್ಟಬೇಡ, ಅದು ಅವನು ತಂದುಕೊಟ್ಟದ್ದು. ದನಿ ತೆಗೆಯಬೇಡ, ಹಿಂದಿನಿಂದಲೂ ಮಾತಾಡಬೇಡ. ಮುಗಿದ ಮೇಲೆ ಕಡ್ಡಿಯ ಹತ್ತಿರ ಹತ್ತು ಸಲ ಹಾಕಿಸಿ ನೋಡು, ಅವನ ಹಾಗೆ ನೋಡು. ಎಲ್ಲಾದರೂ ನೀನು ನೀನೇ ಅಂತ ಗೊತ್ತಾಗುತ್ತಾ ಅಂತ ನೋಡು.

ಇನ್ನೊಂದು ವಿಷಯ. ಗುಂಡಿ ಹೊಲಿಯುವುದಾದರೆ ನೆಟ್ಟಗೆ ಹೊಲಿ, ನನ್ನ ಮಾನ ಕಳೆಯಬೇಡ. ಈಗಿನ ಹುಡುಗಿಯರು ಅಡ್ಡಾದಿಡ್ಡಿ ನಾಲ್ಕು ಸಲ ಚುಚ್ಚಿ ಹಲ್ಲಿನಲ್ಲಿ ದಾರ ಕಡಿಯುತ್ತಾರೆ, ಹಾಗಲ್ಲ. ಚಿಕ್ಕವಳಿದ್ದಾಗ ಮೇಜಿನ ಕೆಳಗೆ ಕೂತು ಕಲಿತದ್ದು ನೆನಪಿದೆ ತಾನೇ? ನಮ್ಮಪ್ಪನ, ನಿಮ್ಮ ತಾತನ ಹೊಲಿಗೆ ಅದು, ಗುಬ್ಬಿಕಾಲು. ನಾಲ್ಕು ತೂತಿನ ಗುಂಡಿ ತಗೋ. ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟುಕೋ, ಬಿಗಿಯಾಗಬಾರದು. ಒಂದೇ ತೂತಿನಿಂದ ಉಳಿದ ಮೂರಕ್ಕೂ ದಾರ ಹೋಗಲಿ, ಗುಬ್ಬಿ ಕಾಲೂರಿದ ಹಾಗೆ ಕಾಣಬೇಕು. ಬೆಂಕಿಕಡ್ಡಿ ಎಳೆದು, ಗುಂಡಿಯ ಕುತ್ತಿಗೆಗೆ ಐದು ಸುತ್ತು ಹಾಕಿ, ಗಂಟನ್ನು ಒಳಗೆ ಬಚ್ಚಿಡು. ನಿನ್ನ ಅಡ್ಡಹೆಸರು ಬಂದದ್ದೇ ಅದರಿಂದ, ಮರೆತರೆ ಕಿವಿ ಹಿಂಡುತ್ತೇನೆ.

ಇಲ್ಲಿ ಗುಂಡಿಗೆ ಮಷೀನಿದೆ. ಟಕಟಕ ಅಂತ ಹೊಡೆದು ಬಿಸಾಡುತ್ತದೆ. ನಾನು ಆ ಹೊಲಿಗೆ ಹಾಕಿ ಆರು ವರ್ಷವಾಯಿತು. ಎಲ್ಲಾದರೂ ಒಂದು ಕಡೆ ಉಳಿಯಲಿ.

ಅಮ್ಮ

ಮಾರ್ಚ್ 28

ಅಮ್ಮಾ,

ಗೆದ್ದೆವು!

ವಿಡಿಯೋ ಹದಿನೈದನೇ ತಾರೀಕು ಇಂಟರ್ನೆಟ್ಟಿಗೆ ಹೋಯಿತು. ಹಾಕಲೇಬೇಕು, ನೋಡಿದವರು ಏನಂದರು ಅನ್ನುವುದಕ್ಕೂ ಅಂಕ ಇದೆ. ಇಷ್ಟು ದಿನದಲ್ಲಿ ನಲವತ್ತು ಸಾವಿರ ಸಲ ನೋಡಿದ್ದಾರೆ. ಕೊಳಲು ಕಾಲು ನೆಲಕ್ಕೆ ಊರದೆ ಓಡಾಡುತ್ತಿದ್ದಾಳೆ. ಎಲ್ಲರೂ ಹೊಗಳುವುದು ಮಾತ್ರ ಒಂದೇ ಶಾಟನ್ನು. ಹಾಡು ನಿಂತು, ಬರೀ ಉಸಿರಿನ ಸದ್ದು ಉಳಿಯುವ ಕಡೆ ಪರದೆಯ ತುಂಬ ಆ ಗುಂಡಿ ಬರುತ್ತದೆ. ಗುಬ್ಬಿಕಾಲು ಮೂಡುತ್ತದೆ, ಐದು ಸುತ್ತು, ಗಂಟು ಒಳಗೆ. ಎಲ್ಲ ಕತ್ತರಿಸಿ ಜೋಡಿಸಿ ನಾಲ್ಕು ಸೆಕೆಂಡು. ಕಡ್ಡಿ ಅದನ್ನು ಒಂದು ತಟ್ಟೆಯಷ್ಟು ದೊಡ್ಡದಾಗಿ ತೆಗೆದಿದ್ದಾಳೆ. ನಿನ್ನ ಮಾನ ಕಳೆದಿಲ್ಲ, ಆಯ್ತಾ?

ನೀನು ಹೇಳಿದ ಹಾಗೆ ಹತ್ತು ಸಲ ನೋಡಿದೆ. ಮಚ್ಚೆ ಇಲ್ಲ, ವಾಚು ಇಲ್ಲ, ನಾನು ಎಲ್ಲೂ ಇಲ್ಲ.

ಫೈಲಿನಲ್ಲಿ ಪ್ರೇಕ್ಷಕರು ಅನ್ನುವ ಒಂದು ಪುಟ ಇದೆ. ಯಾರು ನೋಡುತ್ತಾರೆ, ವಯಸ್ಸೆಷ್ಟು, ಏನು ಗಮನಿಸುತ್ತಾರೆ ಅಂತ ಬರೆಯಬೇಕು. ಕಾಲೇಜಿನ ಹುಡುಗ ಹುಡುಗಿಯರು, ಹಾಡು ಇಷ್ಟಪಡುವವರು ಅಂತ ಬರೆದಿದ್ದೆ. ಮೇಡಂ ಕೆಂಪು ಶಾಯಿಯಲ್ಲಿ 'ಇನ್ನು ಯಾರು?' ಅಂತ ಹಾಕಿ ವಾಪಸ್ ಕೊಟ್ಟರು. ಯಾರನ್ನಾದರೂ ಕಳೆದುಕೊಂಡವರು ಅಂತ ಸೇರಿಸಿದೆ. ಮತ್ತೆ 'ಇನ್ನು ಯಾರು?' ಅಂತ ಹಾಕಿದ್ದಾರೆ. ಇನ್ಯಾರನ್ನು ತರಲಿ ಹೇಳು, ಪಕ್ಕದ ಮನೆಯ ಬೆಕ್ಕನ್ನಾ?

ಜನ ಬರೆದ ಮಾತುಗಳನ್ನು ಓದುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ. ಒಬ್ಬರು ನೋಡಿ ಅತ್ತುಬಿಟ್ಟೆ ಅಂತ ಬರೆದಿದ್ದಾರೆ. ಇನ್ನೊಬ್ಬರು ಹೆಸರಿಲ್ಲದವರು, "ಗುಂಡಿ ಚೆನ್ನಾಗಿ ಹೊಲಿದಿದ್ದೀಯ. ಅಮ್ಮ ಹೇಳ್ಕೊಟ್ಟಿದ್ದಾ?" ಅಂತ ಕೇಳಿದ್ದಾರೆ. ನೋಡು, ನಿನಗೂ ಅಭಿಮಾನಿಗಳು ಹುಟ್ಟಿಕೊಂಡರು!

ನಿನ್ನ
ಗುಬ್ಬಿ

ಏಪ್ರಿಲ್ 4

ಗುಬ್ಬೀ,

ಆ ಮಾತು ಬರೆದವರು ಯಾರು? 'ಹೊಲಿದಿದ್ದೀಯ' ಅಂತ ಏಕವಚನದಲ್ಲಿ ಯಾಕೆ ಬರೆದಿದ್ದಾರೆ? ಅದು ಹುಡುಗಿಯ ಕೈ ಅಂತ, ಅವಳಿಗೆ ಅಮ್ಮ ಹೇಳಿಕೊಟ್ಟಳು ಅಂತ ಅವರಿಗೆ ಹೇಗೆ ಗೊತ್ತು? ಅದಕ್ಕೆ ಉತ್ತರ ಕೊಟ್ಟಿದ್ದೀಯಾ? ಕೊಟ್ಟಿದ್ದರೆ ಅಳಿಸು. ವಿಡಿಯೋನೇ ತೆಗೆಸು. ಇವತ್ತೇ ತೆಗೆಸು.

ಅಕ್ಷರ ಸರಿಯಾಗಿಲ್ಲ, ಓದಿಕೋ.

ತಪ್ಪು ನನ್ನದು. ಮುಖ ಮುಚ್ಚಿಸಿದೆ, ಮಚ್ಚೆ ಮುಚ್ಚಿಸಿದೆ, ಊರು ಮುಚ್ಚಿಸಿದೆ, ಆ ಗುಂಡಿಯನ್ನು ಮಾತ್ರ ನಾನೇ ಮೈಮೇಲೆ ಬಿದ್ದು ಹಾಕಿಸಿದೆ. ಜಂಬ ಬಂತು ನನಗೆ. ಹಾಳು ಜಂಬ.

ನಿನಗೆ ಯಾವತ್ತೂ ಹೇಳದ ಒಂದು ವಿಷಯ ಇದೆ. ಹೇಳಬಾರದು ಅಂತಲೇ ಇದ್ದೆ. ನೀನು ಮಲಗಿದ್ದೀಯ ಅಂದುಕೊಂಡಿದ್ದ ಹೊತ್ತಿನಲ್ಲಿ, ನೀನು ಶಾಲೆಗೆ ಹೋದ ಹೊತ್ತಿನಲ್ಲಿ ನಡೆಯುತ್ತಿದ್ದದ್ದು. ಅವನು ಮೊದಲೇ ಕೈ ಎತ್ತುತ್ತಿರಲಿಲ್ಲ. ಊಟ ತಡವಾದರೆ, ನಾನು ಯಾರ ಜೊತೆಗಾದರೂ ನಕ್ಕರೆ, ತಾನು ತೊಟ್ಟ ಅಂಗಿಯ ಒಂದು ಗುಂಡಿ ಹಿಡಿದು ಕಿತ್ತು ನೆಲಕ್ಕೆ ಹಾಕುತ್ತಿದ್ದ. "ಹೊಲಿ" ಅನ್ನುತ್ತಿದ್ದ. ಅಂಗಿ ಬಿಚ್ಚುತ್ತಿರಲಿಲ್ಲ. ನಾನು ಅವನ ಎದೆಯ ಹತ್ತಿರ ತಲೆ ತಗ್ಗಿಸಿ ನಿಂತು ಹೊಲಿಯಬೇಕು, ಅವನು ನನ್ನ ಕೈಯನ್ನೇ ನೋಡುತ್ತಾ ನಿಲ್ಲುತ್ತಿದ್ದ. ಸೂಜಿ ಎಲ್ಲಾದರೂ ತಾಗಿದರೆ ಮುಗಿಯಿತು. ಒಂದು ಹೊಲಿದಾದ ಮೇಲೆ ಇನ್ನೊಂದು ಕೀಳುತ್ತಿದ್ದ. ಹನ್ನೊಂದು ವರ್ಷ. ನನ್ನ ಮುಖಕ್ಕಿಂತ ಆ ಗುಬ್ಬಿಕಾಲನ್ನು ಅವನು ಹೆಚ್ಚು ನೋಡಿದ್ದಾನೆ ಕಣೇ.

ನೀನು ಅದಕ್ಕೆ ಪ್ರೀತಿ ಅಂತ ಬರೆದಿದ್ದೆ. ಆಗಲೇ ಹೇಳಬೇಕಾಗಿತ್ತು ನಾನು. ಗುಂಡಿ ಹೊಲಿಯುವವಳು ಪ್ರೀತಿಯಿಂದಲೇ ಹೊಲಿಯುತ್ತಾಳೆ ಅಂತ ನಿನಗೆ ಹೇಳಿದವರು ಯಾರು?

ಒಬ್ಬಳೇ ಎಲ್ಲೂ ಹೋಗಬೇಡ. ಕಡ್ಡಿಯನ್ನು ಜೊತೆಗಿಟ್ಟುಕೋ.

ಅಮ್ಮ

ಏಪ್ರಿಲ್ 12, ಗುರುವಾರ

ಅಮ್ಮಾ,

ಈ ಕಾಗದವನ್ನು ಕಡ್ಡಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಲು ಹೊತ್ತಿಲ್ಲ. ಅಂಗಡಿಯ ಫೋನಿಗೆ ಮಾಡಲು ನೂರು ಸಲ ಕೈ ಹೋಯಿತು, ಇಲ್ಲಿಯ ಫೋನಿನಿಂದ ನಿನ್ನ ಜಾಗ ಗೊತ್ತಾದರೆ ಅಂತ ಭಯವಾಗಿ ಮಾಡಲಿಲ್ಲ.

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆಯಬೇಕಾಗಿತ್ತು.

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ವಿಡಿಯೋದ ಕೆಳಗೆ ನನ್ನ ಹೆಸರಿಲ್ಲ, ಆದರೆ ಕಾಲೇಜಿನ ಹೆಸರು, ವಿಭಾಗದ ಹೆಸರು ಇದೆ. ಹಾಕದಿದ್ದರೆ ಅಂಕ ಕೊಡಲ್ಲ ಅಂದಿದ್ದರು. ನಿನಗೆ ಹೇಳಿದರೆ ಬೇಡ ಅಂತೀಯ ಅಂತ ಹೇಳಲಿಲ್ಲ. ನಿನ್ನ ಕಾಗದ ಬಂದ ದಿನವೇ ತೆಗೆಸಿದೆವು. ಅಷ್ಟರಲ್ಲಿ ತಡವಾಗಿತ್ತು.

ನಿನ್ನೆ ವಿಭಾಗಕ್ಕೆ ಒಂದು ಪಾರ್ಸೆಲ್ ಬಂತು. ಮೇಲೆ 'ಗುಂಡಿ ಹೊಲಿಯುವ ಹುಡುಗಿಗೆ' ಅಂತ ಬರೆದಿತ್ತು. ಆಫೀಸಿನವರು ಕಾರಿಡಾರಿನಲ್ಲಿ ನಿಂತು, "ಬನ್ರಮ್ಮಾ, ನಿಮ್ಮ ಅಭಿಮಾನಿ ಉಡುಗೊರೆ ಕಳ್ಸಿದ್ದಾರೆ" ಅಂತ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆಗಲೇ ಗೊತ್ತಾಯಿತು, ಹೇಗೋ ಗೊತ್ತಿಲ್ಲ.

ಒಳಗೆ ಒಂದು ಅಂಗಿ. ತಿಳಿ ನೀಲಿ, ತೊಳೆದು ಇಸ್ತ್ರಿ ಮಾಡಿದ್ದು. ಕಾಲರ್ ಹದಿನಾರೂವರೆ. ಮೇಲಿನಿಂದ ಎರಡನೇ ಗುಂಡಿ ಇಲ್ಲ, ಕಿತ್ತ ಕಡೆ ಬಟ್ಟೆ ಹರಿದಿದೆ. ಉಳಿದ ಆರು ಗುಂಡಿಗಳನ್ನು ನೋಡಿದೆ ಅಮ್ಮ. ಆರಕ್ಕೂ ಗುಬ್ಬಿಕಾಲು. ದಾರ ಹಳೆಯದಾಗಿ ಮಾಸಿದೆ. ನಿನ್ನ ಕೈ ಅದು. ಆರು ವರ್ಷ ಅದನ್ನು ಇಟ್ಟುಕೊಂಡಿದ್ದಾನೆ. ಡ್ರೈಕ್ಲೀನಿಂಗಿನವರು ಹಾಕುತ್ತಾರಲ್ಲ, ಅಂಥ ಒಂದು ಚೀಟಿ ಪಿನ್ ಮಾಡಿತ್ತು. ಅದರಲ್ಲಿ ಇಷ್ಟೇ ಇತ್ತು: 'ಸೋಮವಾರ ಬಂದು ತಗೊಂಡು ಹೋಗ್ತೀನಿ.'

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ, ಬೈಯಬೇಡ. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ನಾನು ಸೂಜಿ ದಾರ ತೆಗೆದೆ. ಗುಂಡಿ ಹೊಲಿದು ಆಫೀಸಿನಲ್ಲಿ ಕೊಟ್ಟಿಟ್ಟರೆ ಸುಮ್ಮನೆ ತಗೊಂಡು ಹೋಗುತ್ತಾನೇನೋ, ಸಿಟ್ಟಾಗಲ್ಲವೇನೋ ಅಂತ ಅನ್ನಿಸಿತು. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಕಡ್ಡಿ ಬಂದು ನನ್ನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಅವಳಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಮೇಡಂ ಮನೆಗೆ ಎಳೆದುಕೊಂಡು ಬಂದಳು. ಇಲ್ಲೇ ಇದ್ದೇನೆ. ಬಾಗಿಲ ಬೆಲ್ಲು ಹೊಡೆದಾಗಲೆಲ್ಲ ಜೀವ ಬಾಯಿಗೆ ಬರುತ್ತದೆ. ಹಾಲಿನವನು ಬಂದರೂ ಅಷ್ಟೇ.

ನಾನೇ ಫೈಲು ತೆಗೆದು ಆ ಶಾಟಿನ ಪುಟ ತಿದ್ದಿದೆ. ಪ್ರೀತಿ ಅಂತ ಇದ್ದದ್ದನ್ನು ಹೊಡೆದುಹಾಕಿ 'ಭಯ' ಅಂತ ಬರೆದೆ. ಅವರ 'ಇನ್ನು ಯಾರು?' ಅನ್ನುವ ಪ್ರಶ್ನೆಯ ಮುಂದೆ 'ಅಪ್ಪ' ಅಂತ ಬರೆದೆ. ಮೇಡಂ ಓದಿ, ಕನ್ನಡಕ ತೆಗೆದು, ನನ್ನ ಪಕ್ಕದಲ್ಲಿ ಬಂದು ಕೂತರು.

ನೀನು ಇಲ್ಲಿಗೆ ಬರಬೇಡ. ಅವನಿಗೆ ಬೇಕಾಗಿರುವುದು ನೀನು. ಬೇರೆ ಊರಿಗೆ ಹೊರಡು. ನಾನು ಆಮೇಲೆ ಬಂದು ಸೇರಿಕೊಳ್ಳುತ್ತೇನೆ.

ಗುಬ್ಬಿ

ಏಪ್ರಿಲ್ 12, ಮಧ್ಯಾಹ್ನ

ಗುಬ್ಬೀ,

ಆ ಗುಂಡಿ ಹೊಲಿಯಬೇಡ.

ಹೊಲಿದರೆ ಸಿಟ್ಟಾಗಲ್ಲವೇನೋ ಅಂತ ನಾನೂ ಅಂದುಕೊಂಡಿದ್ದೆ. ಪ್ರತಿಯೊಂದು ಗುಂಡಿಗೂ ಅಂದುಕೊಂಡಿದ್ದೆ. ನೀನೂ ಸೂಜಿ ಹಿಡಿದೆ ಅಂತ ಓದಿದೆ. ಹೊಲಿಗೆಯ ಜೊತೆಗೆ ಇದನ್ನೂ ನಿನಗೆ ಕಲಿಸಿಬಿಟ್ಟೆನಲ್ಲ. ಆ ಅಂಗಿ ಹೇಗಿದೆಯೋ ಹಾಗೇ ಇರಲಿ, ಚೀಟಿಯೂ ಇರಲಿ, ಪಾರ್ಸೆಲ್ಲಿನ ಕಾಗದವೂ ಇರಲಿ. ಯಾರೂ ಮುಟ್ಟುವುದು ಬೇಡ. ಪೊಲೀಸರು ಹಾಗಂತ ಹೇಳಿದ್ದಾರೆ.

ಹೌದು, ಠಾಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದು ಪಕ್ಕ ಕಡ್ಡಿ, ಇನ್ನೊಂದು ಪಕ್ಕ ಅಂಗಡಿ ಯಜಮಾನಿ. ನಿನ್ನ ಕಾಗದ ಓದಿ ನಾನು ಮೊದಲು ಮಾಡಿದ್ದು ಏನು ಗೊತ್ತಾ? ಒಳಗೆ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬಲು ಶುರು ಮಾಡಿದೆ. ಆರು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗುತ್ತದೆ. ಯಜಮಾನಿ ಬಂದು ಬಾಗಿಲಲ್ಲಿ ನಿಂತರು. "ಇನ್ನೆಷ್ಟು ಊರು ಉಳಿದಿದೆ ರೀ ನಿಮ್ಗೆ?" ಅಂದರು. ಅಷ್ಟೇ ಅಂದದ್ದು. ಪೆಟ್ಟಿಗೆ ಅಲ್ಲೇ ಬಿಟ್ಟು ಅವರ ಜೊತೆ ಬಂದೆ.

ಇಲ್ಲಿ ದೂರು ಬರೆದುಕೊಂಡ ಹೆಂಗಸು ಮೊದಲು ಕೇಳಿದ್ದೇ "ಹೆಸರು ಹೇಳಿ" ಅಂತ. ಮೂರು ಸಲ ಕೇಳಿದಳು. ಮೂರನೇ ಸಲಕ್ಕೆ ಹೇಳಿದೆ, ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಇಷ್ಟ್ ದಿನ ಯಾಕಮ್ಮ ಬರ್ಲಿಲ್ಲ?" ಅಂದಳು. "ಹೆಸ್ರು ಹೇಳ್ಬೇಕಾಗುತ್ತಲ್ಲ ಅಂತ" ಅಂದೆ. ಅವಳು ತಲೆಯೆತ್ತಿ ನೋಡಿ, ಮತ್ತೆ ಬರೆಯತೊಡಗಿದಳು.

ದೂರಿನ ಪ್ರತಿ ನಾಳೆ ಬೆಳಿಗ್ಗೆ ಕೊಡುತ್ತಾರಂತೆ. ಅದಿಲ್ಲದೆ ಬಂದರೆ ನಿಮ್ಮ ಊರಿನ ಠಾಣೆಯಲ್ಲಿ ಮತ್ತೆ ಮೊದಲಿಂದ ಹೇಳಬೇಕು, ನನ್ನ ಕೈಯಲ್ಲಾಗದು. ಅದಕ್ಕೇ ಕಡ್ಡಿಯನ್ನು ನಾಲ್ಕು ಗಂಟೆಯ ಬಸ್ಸಿಗೆ ಕಳಿಸುತ್ತಿದ್ದೇನೆ. ಪಾಪ, ಆ ಮಗು ಬೆಳಿಗ್ಗೆಯಿಂದ ಬರೀ ಚಹಾ ಕುಡಿದಿದೆ, ಊಟ ಹಾಕಿಸು. ನಾಳೆ ಮಧ್ಯಾಹ್ನದ ಬಸ್ಸಿಗೆ ನಾನು ಬರುತ್ತೇನೆ. ಸೋಮವಾರ ಅವನು ಬರುವ ಹೊತ್ತಿಗೆ ಪೊಲೀಸಿನವರು ಇರುತ್ತಾರೆ, ನಾನೂ ಇರುತ್ತೇನೆ. ನೀನು ಬೇಡ ಅಂದರೂ ಇರುತ್ತೇನೆ.

ಧೈರ್ಯ ಬಂದಿದೆ ಅಂತ ತಿಳಿಯಬೇಡ. ಇದನ್ನು ಬರೆಯುವಾಗಲೂ ಠಾಣೆಯ ಬಾಗಿಲಲ್ಲಿ ಯಾರಾದರೂ ಗಂಡಸರು ಬಂದರೆ ಮೊದಲು ಕಾಲರ್ ನೋಡುತ್ತಿದ್ದೇನೆ. ಹೆದರಿಕೆ ಇಷ್ಟೂ ಕಡಿಮೆಯಾಗಿಲ್ಲ ಮಗಳೇ. ಹೆದರಿಕೊಂಡೇ ಬರುತ್ತಿದ್ದೇನೆ.

ನಾಳೆ ನಿಮ್ಮ ಮೇಡಂ ಮನೆಯ ಬೆಲ್ಲು ಹೊಡೆಯುವುದಿಲ್ಲ, ನೀನು ಬೆಚ್ಚಿಬೀಳುತ್ತೀಯ. ರಸ್ತೆಯಲ್ಲೇ ನಿಂತು ಕೂಗುತ್ತೇನೆ. ಗುಬ್ಬಿ ಅಂತಲ್ಲ, ನಿನ್ನ ಹೆಸರು ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ನನ್ನ ದನಿ ಕೇಳಿದ ಮೇಲೆ ಬಾಗಿಲು ತೆಗಿ.

ನಿನ್ನ ಅಮ್ಮ